ಒಪ್ಪಲಾರೆ ಎಂಬ ಕೊನೆಯ ಪದ

ಪತ್ರಿಕೆಯವರಿಗೆ ಬೇಕಾಗಿದ್ದುದು ಎರಡೇ ಬಣ್ಣ. ಉತ್ತರ ಜಪಾನಿನಿಂದ ಸಂಸತ್ತಿಗೆ ಆರಿಸಿಹೋದ ಪ್ರತಿಯೊಬ್ಬ ಸದಸ್ಯರ ಭಾವಚಿತ್ರ, ಅದರ ಹಿಂದೆ ಕೆಂಪು ಇಲ್ಲವೇ ನೀಲಿ. ಪಕ್ಕದ ದೇಶ ಅಣುಬಾಂಬು ಮಾಡಲು ಹೊರಟರೆ ಬಲಪ್ರಯೋಗಕ್ಕೂ ಸಿದ್ಧರಿರಬೇಕು ಎನ್ನುವವರು ಕೆಂಪು. ಏನೇ ಆಗಲಿ ಮಾತುಕತೆಯೇ ದಾರಿ ಎನ್ನುವವರು ನೀಲಿ. ಭಾನುವಾರದ ಸಂಚಿಕೆಯ ನಡುವಿನ ಎರಡು ಪುಟ ಅದಕ್ಕೆ ಮೀಸಲು. ಬಣ್ಣ ಹಚ್ಚುವುದು ಪತ್ರಕರ್ತರಲ್ಲ, ಕಂಪ್ಯೂಟರ್. ಆ ಕಂಪ್ಯೂಟರಿಗೆ ಪಾಠ ಹೇಳಿಕೊಡುವ ಕೆಲಸ ನನ್ನದಾಗಿತ್ತು.

1998ರ ಬೇಸಗೆಯ ಕೊನೆಯಲ್ಲಿ ಉತ್ತರ ಕೊರಿಯಾ ಹಾರಿಸಿದ ಕ್ಷಿಪಣಿಯೊಂದು ಜಪಾನಿನ ಉತ್ತರ ಭಾಗದ ಮೇಲಿಂದ ಹಾದು ಸಮುದ್ರಕ್ಕೆ ಬಿದ್ದಿತ್ತು. ಆ ದೇಶ ನೆಲದಡಿಯಲ್ಲಿ ಏನೋ ಕಟ್ಟುತ್ತಿದೆ, ಅದು ಬಾಂಬಿಗಾಗಿಯೇ ಎಂಬ ಅನುಮಾನವೂ ಹಬ್ಬಿತ್ತು. ಮೊದಲೇ ಹೋಗಿ ಹೊಡೆಯಬಹುದೇ, ಹಾಗೆ ಹೊಡೆಯುವುದನ್ನು ಆತ್ಮರಕ್ಷಣೆ ಎನ್ನಬಹುದೇ ಎಂದು ಟೋಕಿಯೋದ ಸಂಸತ್ತಿನಲ್ಲಿ ಮಾತು ನಡೆದಿತ್ತು. ನಾನಾಗ ಸೆಂಡಾಯ್‌ನ ಬೆಟ್ಟದ ಮೇಲಿನ ಒಂದು ಪ್ರಯೋಗಾಲಯದಲ್ಲಿ, ಕಂಪ್ಯೂಟರಿಗೆ ಜಪಾನೀ ವಾಕ್ಯಗಳನ್ನು ಬಿಡಿಸಿ ಓದಲು ಕಲಿಸುವ ಸಂಶೋಧನೆಯಲ್ಲಿದ್ದೆ. ಒಂದು ಪ್ರಾದೇಶಿಕ ಪತ್ರಿಕೆ ಈ ಯೋಜನೆಗೆ ಹಣ ಕೊಡಲು ಮುಂದೆ ಬಂತು. ಮಾರ್ಚಿವರೆಗಿನ ನನ್ನ ಗುತ್ತಿಗೆಯೂ ಆ ಹಣದಿಂದಲೇ ನಡೆಯುವುದಿತ್ತು.

ಮೊದಲ ಸಭೆಗೆ ಬಂದ ಪತ್ರಿಕೆಯ ಸಂಪಾದಕರು ನನ್ನ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು, ಹೆಸರಿಗೆ ಗೌರವದ 'ಸಾನ್' ಸೇರಿಸಿ ಓದಿದರು.

"ವಸುಧಾ-ಸಾನ್, ಭಾರತದವರು. ಮೇ ತಿಂಗಳಲ್ಲಿ ನಿಮ್ಮ ದೇಶವೂ ಪರೀಕ್ಷೆ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಅದಕ್ಕೇ ಇವರು ಸರಿ," ಎಂದರು ನಮ್ಮ ಪ್ರೊಫೆಸರ್. "ನಮ್ಮ ಯಾವ ಪಕ್ಷಕ್ಕೂ ಸೇರಿದವರಲ್ಲ. ಯಾರೂ ಬೆರಳು ತೋರಿಸುವ ಹಾಗಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ವರ್ಷ ಬಸ್ಸಿನಲ್ಲಿ, ಮಗಳ ಶಾಲೆಯ ಗೇಟಿನಲ್ಲಿ, ದಂತವೈದ್ಯರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಆ ಅಣುಪರೀಕ್ಷೆಯ ಬಗ್ಗೆ ಯಾರೋ ಒಬ್ಬರು ಮೆಲ್ಲಗೆ ಕೇಳುತ್ತಿದ್ದರು. ಉತ್ತರ ಕೊಡುವುದನ್ನು ನಾನು ಬಿಟ್ಟು ಬಹಳ ದಿನವಾಗಿತ್ತು.

ಕೆಲಸ ಹೀಗಿತ್ತು. ಸಂಸತ್ತಿನ ನಡಾವಳಿಯ ಪಠ್ಯವನ್ನು ತಂದು ಒಂದೊಂದೇ ವಾಕ್ಯವಾಗಿ ಒಡೆಯಬೇಕು. ಅವುಗಳಲ್ಲಿ ಕೆಲವು ಸಾವಿರ ವಾಕ್ಯಗಳನ್ನು ಕಾಗದದ ಮೇಲೆ ಅಚ್ಚು ಹಾಕಿ, ಇಬ್ಬರು ಮನುಷ್ಯರು ಬೇರೆ ಬೇರೆ ಕೂತು ಓದಿ, 'ಬಲ' ಅಥವಾ 'ಮಾತು' ಎಂದು ಗುರುತು ಹಾಕಬೇಕು. ಯಾವ ಪದಗಳು ಯಾವ ಗುರುತಿನ ಜೊತೆ ಬರುತ್ತವೆ ಎಂಬುದನ್ನು ಕಂಪ್ಯೂಟರ್ ಅದರಿಂದ ಕಲಿತು, ಉಳಿದ ಲಕ್ಷಾಂತರ ವಾಕ್ಯಗಳಿಗೆ ತಾನೇ ಗುರುತು ಹಾಕುತ್ತದೆ. ಕೊನೆಗೆ ಒಬ್ಬೊಬ್ಬ ಸದಸ್ಯರ ವಾಕ್ಯಗಳನ್ನೂ ಕೂಡಿಸಿ, ಯಾವುದು ಹೆಚ್ಚೋ ಆ ಬಣ್ಣ.

ಗುರುತು ಹಾಕುವ ಇಬ್ಬರಲ್ಲಿ ಒಬ್ಬಳು ನಾನು. ಇನ್ನೊಬ್ಬರು ಕಿಕುಚಿ-ಸಾನ್, ಸಂಸತ್ತಿನಲ್ಲಿ ಶೀಘ್ರಲಿಪಿ ಬರೆದು ನಿವೃತ್ತರಾಗಿ ಹುಟ್ಟೂರಿಗೆ ಮರಳಿದ್ದ ಮಹಿಳೆ. ಸಣ್ಣ ದೇಹ, ಬಲಗೈಯ ನಡುಬೆರಳಿನಲ್ಲಿ ಪೆನ್ಸಿಲ್ ಒತ್ತಿ ಗಟ್ಟಿಯಾದ ಗಂಟು. ಸೀಮೆಎಣ್ಣೆಯ ಹೀಟರಿನ ಆಚೆ ಅವರು, ಈಚೆ ನಾನು.

"ಇಷ್ಟು ವರ್ಷ ಇದನ್ನೆಲ್ಲ ಕೇಳಿ ನಿಮಗೆ ಸಾಕಾಗಲಿಲ್ಲವೇ?" ಎಂದು ಒಮ್ಮೆ ಕೇಳಿದೆ.

"ಕೇಳುತ್ತಿರಲಿಲ್ಲ," ಎಂದರು. "ಕೈ ಕೇಳುತ್ತಿತ್ತು. ತಲೆ ಕೇಳಲು ಶುರುಮಾಡಿದರೆ ಕೈ ತಪ್ಪುತ್ತದೆ. ಹೊಸಬರಿಗೆ ನಾವು ಮೊದಲು ಹೇಳಿಕೊಡುತ್ತಿದ್ದುದೇ ಅದು."

ನಾನೂ ಅದನ್ನು ಕಲಿತೆ. 'ಮುನ್ನವೇ ದಾಳಿ', 'ತಾಳ್ಮೆಯ ಮಾತುಕತೆ', 'ದಿಗ್ಬಂಧನ', 'ಮನವೊಲಿಕೆ'. ಕೆಲವು ವಾರಗಳ ನಂತರ ಇವು ಮಾರುಕಟ್ಟೆಯಲ್ಲಿ ಆಲೂಗಡ್ಡೆ ಬೇರೆ ಈರುಳ್ಳಿ ಬೇರೆ ಮಾಡುವಷ್ಟೇ ಸಲೀಸಾದವು. ಭಾರತ, ಪಾಕಿಸ್ತಾನ ಎಂಬ ಹೆಸರುಗಳಿದ್ದ ವಾಕ್ಯಗಳಿಗೂ ಅದೇ ಕೈಯಿಂದ ಗುರುತು ಹಾಕಿದೆ. ನಮ್ಮಿಬ್ಬರ ಗುರುತು ಕೂಡದಿದ್ದರೆ ಚರ್ಚಿಸಬೇಕು, ಆಗಲೂ ಕೂಡದಿದ್ದರೆ ಆ ವಾಕ್ಯವನ್ನು ತೆಗೆದುಹಾಕಬೇಕು ಎಂದು ಪ್ರೊಫೆಸರ್ ಹೇಳಿದ್ದರು. ಬೇರೆ ದಾರಿ ಇರಲಿಲ್ಲ, ಇದ್ದುದು ಎರಡೇ ಗುರುತು. ಒಂದು ದಿನ, ಬಾಂಬು ಬಿದ್ದ ಬೆಳಿಗ್ಗೆ ತನ್ನ ತಾಯಿ ಬಾವಿಕಟ್ಟೆಯ ಬಳಿ ಇದ್ದಳೆಂದು ಯಾರೋ ಸದಸ್ಯರು ಹೇಳಿದ್ದ ವಾಕ್ಯ ಬಂತು. ಇಬ್ಬರೂ ಓದಿದೆವು.

"ಬಲವೂ ಅಲ್ಲ, ಮಾತೂ ಅಲ್ಲ," ಎಂದರು ಕಿಕುಚಿ-ಸಾನ್.

ತೆಗೆದುಹಾಕಿದೆವು. ಅವರು ಎದ್ದು ಚಹಾ ಮಾಡಿಕೊಂಡು ಬಂದರು.

ಗಂಡ ಯೊಕೊಹಾಮಾದಲ್ಲಿದ್ದರು. ಬೆಂಗಳೂರಿನ ಕಂಪನಿ ಅವರನ್ನು ಅಲ್ಲಿನ ಒಂದು ಗ್ರಾಹಕ ಸಂಸ್ಥೆಯ ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿಗಳನ್ನು 2000 ಬರುವ ಮುನ್ನ ನಾಲ್ಕಂಕಿ ಮಾಡಲು ಕಳಿಸಿತ್ತು. ಒಂದನೇ ತರಗತಿಯ ಮಗಳು ನನ್ನ ಜೊತೆ. ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಹೆಚ್ಚಾಗಿ ಜಪಾನಿಯಲ್ಲಿ. ಡಿಸೆಂಬರಿನಲ್ಲಿ, ಶಸ್ತ್ರಗಳ ತಪಾಸಣೆಗೆ ಒಪ್ಪಲಿಲ್ಲವೆಂದು ಅಮೆರಿಕ ಇರಾಕಿನ ಮೇಲೆ ಬಾಂಬು ಹಾಕಿದ ಸಂಜೆ ಟೀವಿಯಲ್ಲಿ ಹಸಿರು ಬೆಳಕು ಮಿನುಗುತ್ತಿತ್ತು. ಮಗಳು ಅನ್ನದ ಬಟ್ಟಲು ಹಿಡಿದು ನೋಡುತ್ತಿದ್ದಳು.

"ಅಮ್ಮಾ, ಎಲ್ಲಾರೂ 'ಕಾಕು, ಕಾಕು' ಅಂತಾರೆ. ಏನ್ ಬರೀತಾರೆ?"

ಅವಳಿಗೆ ಗೊತ್ತಿದ್ದ 'ಕಾಕು' ಎಂದರೆ ಬರೆಯುವುದು. ಅಣ್ವಸ್ತ್ರದ ಅಣುವಿಗೂ ಜಪಾನಿಯಲ್ಲಿ ಅದೇ ಉಚ್ಚಾರಣೆ. "ಏನೋ ಬರೀತಾರೆ, ನೀನು ಊಟ ಮಾಡು," ಎಂದೆ. ಆಗ ನನ್ನ ತಲೆಯಲ್ಲಿದ್ದುದು ಒಂದೇ ವಿಷಯ. ಇದರ ಮೇಲೂ ಸಂಸತ್ತಿನಲ್ಲಿ ಚರ್ಚೆಯಾಗುತ್ತದೆ, ಹೊಸ ಪಠ್ಯ ಬರುತ್ತದೆ, ಡಿಸ್ಕಿನಲ್ಲಿ ಜಾಗ ಸಾಲುತ್ತದೋ ಇಲ್ಲವೋ.

ಫೆಬ್ರವರಿಯಲ್ಲಿ ಪೂರ್ತಿ ಪಠ್ಯದ ಮೇಲೆ ಪ್ರೋಗ್ರಾಮ್ ಓಡಿಸಿದೆವು. ನಾವು ಕೈಯಾರೆ ಗುರುತು ಹಾಕಿದ್ದ ವಾಕ್ಯಗಳ ಮೇಲೆ ಪರೀಕ್ಷಿಸಿದಾಗ ಫಲಿತಾಂಶ ಚೆನ್ನಾಗಿತ್ತು. ಪೂರ್ತಿ ಪಠ್ಯದ ಮೇಲೆ ಓಡಿಸಿದಾಗ ಕೆಂಪು ನಾವೆಣಿಸಿದ್ದಕ್ಕಿಂತ ಬಹಳ ಹೆಚ್ಚು ಬಂತು. ಸಂಪಾದಕರಿಗೆ ಸಂತೋಷವೋ ಸಂತೋಷ. "ಇದೇ ಸುದ್ದಿ!" ಎಂದರು. ಪುಟದ ಕರಡು ತಯಾರಾಯಿತು. ಭಾವಚಿತ್ರ, ಹೆಸರು ಸರಿಯಿದೆಯೇ ಎಂದು ನೋಡಲು ಒಬ್ಬೊಬ್ಬ ಸದಸ್ಯರ ಕಚೇರಿಗೂ ಅವರವರ ತುಣುಕನ್ನು ಫ್ಯಾಕ್ಸ್ ಮಾಡಿದರು.

ಎರಡು ದಿನ ಬಿಟ್ಟು ಒಬ್ಬ ಸದಸ್ಯರ ಕಾರ್ಯದರ್ಶಿ ಪ್ರಯೋಗಾಲಯಕ್ಕೇ ಫೋನ್ ಮಾಡಿದರು. ಮೀನುಗಾರರ ಕ್ಷೇತ್ರದಿಂದ ಬಂದ ಹಿರಿಯ ಸದಸ್ಯರು, ಆಡಳಿತ ಪಕ್ಷದವರು. "ಸುಮಿಮಾಸೆನ್, ಕ್ಷಮಿಸಬೇಕು, ನಮ್ಮವರ ಹಿಂದಿನ ಬಣ್ಣ ಅಚ್ಚಿನ ತಪ್ಪಿರಬೇಕು," ಎಂದರು ಕಾರ್ಯದರ್ಶಿ. ನಾನು ಆ ಸದಸ್ಯರ ಅಂಕಗಳನ್ನು ತೆರೆದು ನೋಡಿದೆ. ಕೆಂಪಿನ ಕಡೆಗೆ ಬಲವಾಗಿ ವಾಲಿತ್ತು. ಅಚ್ಚಿನ ತಪ್ಪಲ್ಲ ಎಂದು ತಿಳಿಸಿದೆ. ಅವರು ಅರಿಗಾತೋ ಎಂದು ಧನ್ಯವಾದ ಹೇಳಿ ಫೋನ್ ಇಟ್ಟರು.

ಮರುದಿನ ಮಧ್ಯಾಹ್ನ ಆ ಸದಸ್ಯರೇ ಬಂದರು. ಹಿಮ ಕರಗಿ ಕೆಸರಾದ ರಸ್ತೆಯಲ್ಲಿ ಬಸ್ ನಿಲ್ದಾಣದಿಂದ ನಡೆದೇ ಹತ್ತಿದ್ದರು. ಕೋಟಿನ ಅಂಚೆಲ್ಲ ಒದ್ದೆ. ಪ್ರೊಫೆಸರ್ ಗಾಬರಿಯಿಂದ ಕುರ್ಚಿ ಎಳೆದರು. ಕೋಪ ತೋರಿಸಬಹುದೆಂದು ನಾವೆಲ್ಲ ಕಾದೆವು. ಅವರು ಕೂತು, ಕನ್ನಡಕ ಒರೆಸಿಕೊಂಡು, "ನನ್ನನ್ನು ಕೆಂಪು ಮಾಡಿದ ವಾಕ್ಯವನ್ನು ದಯವಿಟ್ಟು ಓದುತ್ತೀರಾ?" ಎಂದಷ್ಟೇ ಕೇಳಿದರು.

ಅತಿ ಹೆಚ್ಚು ಅಂಕ ಬಂದ ವಾಕ್ಯವನ್ನು ಪರದೆಯ ಮೇಲೆ ತಂದು ಗಟ್ಟಿಯಾಗಿ ಓದಿದೆ. ಅದರ ಅರ್ಥ ಹೀಗಿತ್ತು: "ಆ ದೇಶ ಕ್ಷಿಪಣಿಗೆ ಇಂಧನ ತುಂಬುತ್ತಿದೆಯೆಂಬುದು ಖಚಿತವಾದ ಮೇಲೆ, ನಮ್ಮ ಕರಾವಳಿಯ ಜನರ ಪ್ರಾಣ ಉಳಿಸುವುದಕ್ಕಾಗಿ, ಅದು ಮೇಲೇಳುವ ಮುನ್ನವೇ ಹೋಗಿ ಅದನ್ನೂ ಅದರ ಹಿಂದಿರುವ ಅಣುಕೇಂದ್ರವನ್ನೂ ನಾಶಮಾಡುವುದು ಆತ್ಮರಕ್ಷಣೆಯೇ ಆಗುತ್ತದೆಂಬ ವಾದವನ್ನು..."

ಅಲ್ಲಿಗೆ ನಿಂತಿತು. ಮುಂದಿನ ಸಾಲು ಬೇರೊಬ್ಬರ ಭಾಷಣ.

"ನಾನಿನ್ನೂ ಮಾತು ಮುಗಿಸಿರಲಿಲ್ಲ," ಎಂದರು ಸದಸ್ಯರು.

ಅವರ ಕಾರ್ಯದರ್ಶಿ ಚೀಲದಿಂದ ಮುದ್ರಿತ ನಡಾವಳಿ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ವಾಕ್ಯ ಇನ್ನೂ ಒಂದು ಸಾಲು ಮುಂದುವರಿದಿತ್ತು. ಕೊನೆಗೆ 'ಒಪ್ಪಲಾರೆ' ಎಂದಿತ್ತು.

ಜಪಾನಿಯೂ ಕನ್ನಡದ ಹಾಗೆಯೇ. ಹೌದು, ಅಲ್ಲ, ಬೇಕು, ಬೇಡ ಎಲ್ಲವೂ ವಾಕ್ಯದ ತುದಿಗೆ. ಅಲ್ಲಿಯವರೆಗೆ ಏನು ಹೇಳಿದ್ದರೂ ಕೊನೆಯ ಒಂದು ಪದ ಅದನ್ನು ಮಗುಚಿಬಿಡಬಹುದು. ಇದು ಭಾಷೆ ಕಲಿಯುವಾಗ ನನಗೆ ಎಲ್ಲರಿಗಿಂತ ಸುಲಭವೆನಿಸಿದ್ದ ಸಂಗತಿ.

ಸದಸ್ಯರು ಹೋಗುವ ಮುನ್ನ ನನ್ನ ಕಡೆ ತಿರುಗಿ, "ನೀವು ನಮ್ಮ ಮಾತನ್ನು ಓದಿದ್ದೀರಿ, ಕೇಳಿಲ್ಲ. ಒಮ್ಮೆ ಸಂಸತ್ತಿಗೆ ಬನ್ನಿ," ಎಂದರು. ನಾನು ಬಗ್ಗಿ ನಮಸ್ಕರಿಸಿದೆ. ನಾಚಿಕೆಯಾಗಬೇಕಿತ್ತು. ಏನೂ ಆಗಲಿಲ್ಲ. ಯಾವ ಫೈಲು ಮೊದಲು ತೆರೆಯಬೇಕೆಂದು ಯೋಚಿಸುತ್ತಿದ್ದೆ.

ಕಾರಣ ಸಿಕ್ಕಲು ಆ ಸಂಜೆಯವರೆಗೂ ಬೇಕಾಗಲಿಲ್ಲ. ವಾಕ್ಯಗಳನ್ನು ಡೇಟಾಬೇಸಿಗೆ ತುಂಬುವ ಪ್ರೋಗ್ರಾಮ್ ನಮ್ಮಲ್ಲಿ ಬರೆದದ್ದಲ್ಲ, ಹೊರಗಿನ ಗುತ್ತಿಗೆದಾರರು ಕೊಟ್ಟದ್ದು. ಒಂದು ವಾಕ್ಯಕ್ಕೆ 255 ಬೈಟ್ ಜಾಗ. ಒಂದು ಜಪಾನೀ ಅಕ್ಷರಕ್ಕೆ ಎರಡು ಬೈಟ್ ಬೇಕು. ಅಂದರೆ ನೂರಿಪ್ಪತ್ತೇಳು ಅಕ್ಷರ ದಾಟಿದ ಮೇಲೆ ಉಳಿದದ್ದು ಒಳಗೆ ಹೋಗುತ್ತಲೇ ಇರಲಿಲ್ಲ. ಸಾಮಾನ್ಯವಾಗಿ ಹೀಗೆ ಕತ್ತರಿಸಿದರೆ ಕೊನೆಯ ಅಕ್ಷರ ಅರ್ಧ ಉಳಿದು ಕಸದಂತೆ ಕಾಣಬೇಕು, ನೋಡಿದವರಿಗೆ ತಕ್ಷಣ ತಿಳಿಯಬೇಕು. ಬರೆದವರು ಬಹಳ ಅಚ್ಚುಕಟ್ಟಿನವರು. ಆ ಅರ್ಧ ಅಕ್ಷರವನ್ನು ಗುಡಿಸಿಹಾಕಲು ಬೇರೆ ನಾಲ್ಕು ಸಾಲು ಬರೆದಿದ್ದರು. ಗಾಯ ಕಾಣದಂತೆ ವಾಸಿಯಾಗಿತ್ತು. ನಾನು ಮತ್ತು ಕಿಕುಚಿ-ಸಾನ್ ಗುರುತು ಹಾಕಿದ್ದು ಮೂಲ ಪಠ್ಯದ ಅಚ್ಚಿನ ಮೇಲೆ, ಹಾಗಾಗಿ ನಮಗೂ ಕಂಡಿರಲಿಲ್ಲ, ನಮ್ಮ ಪರೀಕ್ಷೆಗೂ ಸಿಕ್ಕಿರಲಿಲ್ಲ.

ಫೋನಿನಲ್ಲಿ ಗಂಡನಿಗೆ ಹೇಳಿದೆ. ಅವರು ಒಮ್ಮೆ ನಕ್ಕೇಬಿಟ್ಟರು.

"ಇಲ್ಲೂ ಅದೇ ಕಥೆ ವಸು. ಎರಡು ಡಿಜಿಟ್ ಉಳಿಸೋಕೆ ಹೋಗಿ ಈಗ ಪ್ರಪಂಚಾನೇ ಕೂತು ರಿಪೇರಿ ಮಾಡ್ತಿದೆ. ಫೀಲ್ಡ್ ದೊಡ್ಡದು ಮಾಡಿ ರೀ-ರನ್ ಮಾಡ್ಬಿಡು, ಸಿಂಪಲ್."

"ಮಾಡಿದೀನಿ ರೀ. ಓಡ್ತಾ ಇದೆ."

"ಮತ್ತೇನು ಪ್ರಾಬ್ಲಮ್?"

ಸಮಸ್ಯೆ ಏನೆಂದು ಮರುದಿನ ಬೆಳಿಗ್ಗೆ ಗೊತ್ತಾಯಿತು. ವಾಕ್ಯಗಳು ಪೂರ್ತಿಯಾದ ಮೇಲೆ ಕೆಂಪು ಕಡಿಮೆಯಾಯಿತು, ಆದರೆ ಅದೆಲ್ಲ ನೀಲಿಯಾಗಲಿಲ್ಲ. 'ಎಂದು ಭಾವಿಸಬೇಕಾದ ಸಂದರ್ಭವೂ ಬರಬಹುದೆಂಬ ಅಭಿಪ್ರಾಯವನ್ನು ತಳ್ಳಿಹಾಕಲಾಗದು' ಎಂದು ಮುಗಿಯುವ ಮಾತಿಗೆ ಯಾವ ಬಣ್ಣ? ಕಂಪ್ಯೂಟರ್ ಅಂಥವನ್ನೂ ಬಿಡದೆ ಎರಡರಲ್ಲೊಂದಕ್ಕೆ ತಳ್ಳುತ್ತಿತ್ತು. ಅನುಮಾನವಿರುವಲ್ಲಿ ಬೂದು ಹಚ್ಚು ಎಂದು ಒಂದು ಸಾಲು ಸೇರಿಸಿ ಓಡಿಸಿದೆ. ಪುಟದ ಮುಕ್ಕಾಲು ಪಾಲು ಬೂದಾಯಿತು. ಆ ಹಿರಿಯ ಸದಸ್ಯರೂ ಬೂದು. ಅವರು ಒಂದು ಕಡೆ ದಾಳಿಯನ್ನು ಒಪ್ಪಲಾರೆ ಎಂದಿದ್ದರು. ಇನ್ನೊಂದು ಕಡೆ, ಮಾತುಕತೆಯ ಬೆನ್ನಿಗೆ ಬಲವಿಲ್ಲದಿದ್ದರೆ ಯಾರೂ ಕೇಳುವುದಿಲ್ಲ ಎಂದೂ ಹೇಳಿದ್ದರು.

ಸಂಪಾದಕರು ಆ ಪುಟವನ್ನು ಮೇಜಿನ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು.

"ಇದನ್ನು ಯಾರು ಓದುತ್ತಾರೆ? ಮಂಜು ಬಿದ್ದ ಹಾಗಿದೆ," ಎಂದರು. "ಹೀಗೆ ಮಾಡೋಣ. ಬೂದು ಬೇಡ, ಮೊದಲಿನ ಪುಟವೇ ಇರಲಿ. ಆ ಒಬ್ಬ ಸದಸ್ಯರನ್ನು ನೀಲಿ ಮಾಡಿ. ಅವರು ಸ್ವತಃ ಬಂದಿದ್ದರಲ್ಲ, ಗೌರವ ಕೊಟ್ಟ ಹಾಗಾಯಿತು."

"ಅವರು ನೀಲಿಯೂ ಅಲ್ಲ," ಎಂದೆ. "ಉಳಿದವರ ವಾಕ್ಯಗಳೂ ಕತ್ತರಿಸಿಹೋಗಿವೆ."

"ಉಳಿದವರು ಯಾರೂ ಕೇಳಿಲ್ಲವಲ್ಲ."

ಪ್ರೊಫೆಸರ್ ಕಿಟಕಿಯಾಚೆ ನೋಡಿದರು. "ಗುರುತು ಹಾಕಿದವರು ವಸುಧಾ-ಸಾನ್. ಅವರೇ ಹೇಳಲಿ," ಎಂದರು. ಅದು ನನ್ನ ಮೇಲಿನ ವಿಶ್ವಾಸವೋ, ಕೈತೊಳೆದುಕೊಳ್ಳುವ ರೀತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಾರ್ಚಿಗೆ ನನ್ನ ಗುತ್ತಿಗೆ ಮುಗಿಯುತ್ತದೆ, ಅದನ್ನು ಮುಂದುವರಿಸಬೇಕಾದವರು ಎದುರಿಗೇ ಕೂತಿದ್ದಾರೆ ಎಂಬುದು ಮೂವರಿಗೂ ಗೊತ್ತಿತ್ತು. ಒಂದು ದಿನದ ಸಮಯ ಕೇಳಿ ಹೊರಬಂದೆ.

ಕಿಕುಚಿ-ಸಾನ್ ಕೋಣೆಯಲ್ಲಿ ಹೀಟರಿಗೆ ಎಣ್ಣೆ ತುಂಬುತ್ತಿದ್ದರು. ಎಲ್ಲ ಹೇಳಿ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ನಾನು ಏನೂ ಹೇಳುತ್ತಿರಲಿಲ್ಲ," ಎಂದರು ಅವರು, ಮುಚ್ಚಳ ತಿರುಗಿಸುತ್ತ. "ಬರೆಯುವವರು ಮಾತಾಡಬಾರದು. ಅದು ನಮ್ಮ ನಿಯಮ."

"ಬರೆದದ್ದನ್ನು ಯಾರಾದರೂ ಅರ್ಧಕ್ಕೆ ಕತ್ತರಿಸಿದ್ದರೆ?"

ಅವರು ಕೈಗೆ ಹತ್ತಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳುತ್ತಲೇ ಇದ್ದರು.

ಗಂಡ ಫೋನಿನಲ್ಲಿ ಬೇರೆ ಮಾತಾಡಿದರು. "ನೋಡು, ನಿಂಗೆ ಅಲ್ಲಿ ರಿನ್ಯೂವಲ್ ಮುಖ್ಯ. ಪೇಪರ್‌ನೋರು ಏನೋ ಪ್ರಿಂಟ್ ಮಾಡ್ಕೋತಾರೆ, ಸೋಮವಾರ ಯಾರಿಗೆ ನೆನಪಿರುತ್ತೆ? ನೀನು ಎಂಜಿನಿಯರ್ ಅಷ್ಟೇ."

"ಉಳಿದೋರಲ್ಲೂ ಎಷ್ಟೋ ಜನ ಒಪ್ಪಲ್ಲ ಅಂದಿದ್ದಾರೆ ರೀ. ನಾವು ಒಪ್ತಾರೆ ಅಂತ ಹಾಕೋದಾ?"

"ನೀನೇ ಹೇಳಿದ್ಯಲ್ಲ, ಅವರೆಲ್ಲ ಎರಡೂ ಕಡೆ ಮಾತಾಡಿದಾರೆ ಅಂತ."

"ಮಾತಾಡ್ಲಿ. ಪೂರ್ತಿ ಮಾತಾಡಿದಾರೆ ತಾನೆ?"

ಅವರು ಮಾತು ಬದಲಿಸಿ, "ಪುಟ್ಟಿ ಮಲಗಿದ್ಲಾ?" ಎಂದರು. ಮಲಗಿದ್ದಾಳೆ ಎಂದೆ.

ಜಪಾನಿನಲ್ಲಿ 'ಸ್ವಲ್ಪ ಕಷ್ಟ' ಎಂದರೆ ಇಲ್ಲ ಎಂದೇ ಅರ್ಥ. ಎಷ್ಟೋ ವರ್ಷ ನಾನೂ ಹಾಗೇ ಹೇಳಿ ಬದುಕಿದ್ದೆ. ಮರುದಿನ ಸಭೆಯಲ್ಲಿ ಸ್ವಲ್ಪ ಕಷ್ಟ ಎನ್ನಲಿಲ್ಲ. "ಆಗುವುದಿಲ್ಲ. ಬಣ್ಣದ ಫೈಲನ್ನು ನಾನು ಕೊಡುವುದಿಲ್ಲ," ಎಂದೆ. ಬದಲಿಗೆ, ಪ್ರತಿ ಸದಸ್ಯರೂ ಈ ವಿಷಯದ ಮೇಲೆ ಆಡಿದ ಒಂದೊಂದು ಪೂರ್ಣ ವಾಕ್ಯ, ಎಷ್ಟೇ ಉದ್ದವಿರಲಿ, ಕತ್ತರಿಸದೆ ಹಾಕಬಹುದು, ಅದನ್ನು ಸಂಜೆಯೊಳಗೆ ಸಿದ್ಧಮಾಡಿ ಕೊಡುತ್ತೇನೆ ಎಂದೆ. ಯಾರೋ ಬರೆದುಕೊಟ್ಟದ್ದನ್ನು ಓದಿದ ಹಾಗಿತ್ತು.

ಸಂಪಾದಕರು ಪ್ರೊಫೆಸರರ ಮುಖ ನೋಡಿದರು. ಪ್ರೊಫೆಸರ್ ತಲೆ ತಗ್ಗಿಸಿ, "ಹಾಗಂತೆ," ಎಂದರು. ಅಷ್ಟೇ. ನನ್ನ ಮಾತನ್ನು ತಳ್ಳಿಹಾಕದ ಆ ಒಂದು ಪದಕ್ಕಾಗಿ ನಾನು ಅವರಿಗೆ ಋಣಿ.

ಪೂರ್ಣ ವಾಕ್ಯಗಳು ಯಾರಿಗೂ ಬೇಕಾಗಲಿಲ್ಲ. ಆ ಭಾನುವಾರ ನಡುವಿನ ಎರಡು ಪುಟಗಳಲ್ಲಿ ಬಿಸಿನೀರ ಬುಗ್ಗೆಗಳ ವಸತಿಗೃಹಗಳ ಬಣ್ಣದ ಚಿತ್ರಗಳು ಬಂದವು. ಮಾರ್ಚಿನಲ್ಲಿ ಯೋಜನೆಗೆ ಹಣ ನಿಂತಿತು, ನನ್ನ ಗುತ್ತಿಗೆಯೂ. ಕಿಕುಚಿ-ಸಾನ್ ಸಾಮಾನು ಕಟ್ಟಲು ಬಂದು, ಬಟ್ಟಲುಗಳನ್ನು ಒಂದೊಂದಾಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟರು. ನಾನೂ ಮಗಳೂ ಯೊಕೊಹಾಮಾಕ್ಕೆ ಹೋದೆವು. ಮೊದಲ ಕೆಲವು ವಾರ ಎಚ್ಚರವಾದ ಕೂಡಲೇ ಇವತ್ತು ಎಷ್ಟು ವಾಕ್ಯ ಎಂಬ ಯೋಚನೆ ಬರುತ್ತಿತ್ತು, ಎದ್ದು ಕೂತ ಮೇಲೆ ಯಾವುದೂ ಇಲ್ಲವೆಂದು ನೆನಪಾಗುತ್ತಿತ್ತು.

ಏಪ್ರಿಲಿನಲ್ಲಿ ಆ ಸದಸ್ಯರ ಕಾರ್ಯದರ್ಶಿ ಪ್ರೇಕ್ಷಕರ ಗ್ಯಾಲರಿಗೆ ಒಂದು ಪಾಸ್ ಕಳಿಸಿದರು. ನೆರೆಯಲ್ಲಿ ಯುದ್ಧವೆದ್ದರೆ ಅಮೆರಿಕದ ಸೇನೆಗೆ ನೆರವಾಗುವ ಮಸೂದೆ ಅಂದು ಮತಕ್ಕೆ ಬರುವುದಿತ್ತು. ಹೋದೆ. ಚೀಲ, ಕೋಟು ಕೆಳಗೆ ಇರಿಸಿಕೊಂಡರು. ಚಪ್ಪಾಳೆ ತಟ್ಟಬಾರದು, ಮುಂದಕ್ಕೆ ಬಾಗಬಾರದು ಎಂದು ಕಾವಲಿನವರು ತಿಳಿಸಿದರು. ತಿಂಗಳುಗಟ್ಟಲೆ ನಾನು ಓದಿದ್ದ ಮಾತುಗಳು ಹುಟ್ಟಿದ ಜಾಗ ನಾನೆಣಿಸಿದ್ದಕ್ಕಿಂತ ಚಿಕ್ಕದಾಗಿ, ಕಂದು ಬಣ್ಣದ್ದಾಗಿ ಕಂಡಿತು. ವೇದಿಕೆಯ ಕೆಳಗಿನ ತಗ್ಗಿನ ಮೇಜಿನಲ್ಲಿ ಶೀಘ್ರಲಿಪಿಯವರು ತಲೆ ತಗ್ಗಿಸಿ ಬರೆಯುತ್ತಿದ್ದರು, ಸ್ವಲ್ಪ ಹೊತ್ತಿಗೊಮ್ಮೆ ಸದ್ದಿಲ್ಲದೆ ಬೇರೆಯವರು ಬಂದು ಕೂರುತ್ತಿದ್ದರು.

ಒಬ್ಬರು ಪರವಾಗಿ ಮಾತಾಡಿದರು, ಒಬ್ಬರು ವಿರೋಧವಾಗಿ. ಸಭಾಧ್ಯಕ್ಷರು ಒಪ್ಪುವವರು ಎದ್ದು ನಿಲ್ಲಬೇಕೆಂದರು.

ಕುರ್ಚಿಗಳ ಸದ್ದು ಒಮ್ಮೆಗೇ ಎದ್ದಿತು. ಹಿರಿಯ ಸದಸ್ಯರು ಹಿಂದಿನ ಸಾಲಿನಲ್ಲಿದ್ದರು. ಅಕ್ಕಪಕ್ಕದವರೆಲ್ಲ ನಿಂತಾದ ಮೇಲೂ ಅವರ ತಲೆ ಒಂದು ಕ್ಷಣ ಕೆಳಗೇ ಇತ್ತು. ಆಮೇಲೆ ಮುಂದಿನ ಮೇಜನ್ನು ಹಿಡಿದು ಅವರೂ ಎದ್ದರು. ನಿಂತವರು ಬಹುಮತ ಎಂದು ಸಭಾಧ್ಯಕ್ಷರು ಹೇಳಿದರು. ಯಾರು ನಿಂತರು, ಯಾರು ಕೂತರು ಎಂದು ಹೆಸರು ಹಿಡಿದು ಯಾರೂ ಓದಲಿಲ್ಲ.

ಕೆಳಗೆ ಬಂದು ಚೀಲ ತೆಗೆದುಕೊಂಡೆ. ಸುರಂಗ ರೈಲಿನ ನಿಲ್ದಾಣದ ಪಕ್ಕದ ಫೋನಿನಿಂದ ಸೆಂಡಾಯ್‌ಗೆ, ಕಿಕುಚಿ-ಸಾನ್ ಅವರ ಮನೆಗೆ ಫೋನ್ ಮಾಡಿದೆ. ಯಾಕೆ ಮೊದಲು ಅವರಿಗೇ ಮಾಡಿದೆನೋ ಗೊತ್ತಿಲ್ಲ. ಮಸೂದೆ ಪಾಸಾಯಿತು ಎಂದೆ. ರೇಡಿಯೋದಲ್ಲಿ ಕೇಳಿದೆ ಎಂದರು.

"ಅವರು ಎದ್ದರಾ?" ಎಂದು ಕೇಳಿದರು.

"ಎದ್ದರು. ಎಲ್ಲರಿಗಿಂತ ತಡವಾಗಿ."

ಆ ಕಡೆ ರೇಡಿಯೋ ಆರಿಸಿದ ಸದ್ದಾಯಿತು.

"ನಡಾವಳಿಯಲ್ಲಿ 'ಎದ್ದು ನಿಂತವರು ಬಹುಮತ' ಅಂತ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ, ವಸುಧಾ-ಸಾನ್," ಎಂದರು ಆಮೇಲೆ. "ಒಮ್ಮೆಯೂ ತಲೆ ಎತ್ತಿ ನೋಡಿಲ್ಲ. ಹೇಳಿ, ನೋಡಲು ಹೇಗಿತ್ತು?"

ನನ್ನ ಹಿಂದೆ ಫೋನಿಗಾಗಿ ಜನ ಕಾಯುತ್ತಿದ್ದರು. ನಾನು ಇನ್ನೊಂದು ಫೋನ್ ಕಾರ್ಡನ್ನು ಒಳಗೆ ತಳ್ಳಿ, ಮೊದಲಿನಿಂದ ಹೇಳತೊಡಗಿದೆ.